ಒಂದು ನಂಬರಿಗೆ ಒಂದೇ ಅಭಿಪ್ರಾಯ

ಅನೀಸಾಳಿಗೆ ಒಂದು ಕಡೆ ಸುಮ್ಮನೆ ಕೂತು ಗೊತ್ತಿಲ್ಲ. ಕೆಂಪಾಪುರದ ನಮ್ಮ ಆಫೀಸಿನಲ್ಲಿ ಅವಳ ಪಕ್ಕದ ಮೇಜು ನನ್ನದು. ಅವಳ ಕಾಲು ಅಲ್ಲಾಡಿದರೆ ನನ್ನ ಟೀ ಚೆಲ್ಲುತ್ತದೆ. ‘ಅಮ್ಮಾ ತಾಯಿ, ಸ್ವಲ್ಪ ಕಾಲು ನಿಲ್ಸು’ ಎಂದು ದಿನಾ ಬೈಯುತ್ತೇನೆ. ಆದರೆ ಜನ ಶಾಪ ಹಾಕದೆ ಬಳಸುವಂಥ ಸರ್ಕಾರಿ ವೆಬ್‌ಸೈಟ್ ಮಾಡುವ ಕೈ ಅವಳದು. ಅದೇನು ಸಣ್ಣ ಮಾತೇ?

ಈ ಮಾರ್ಚಿನಲ್ಲಿ ಅವಳು ಮಾಡಿದ್ದು ಬಸ್‌ಸ್ಟಾಪಿನ ಬಗ್ಗೆ ಜನರ ಅಭಿಪ್ರಾಯ ಕೇಳುವ ಪುಟ. ಹುಣಸಮಾರನಹಳ್ಳಿಯ ಸ್ಟಾಪು ಈಗಿರುವಲ್ಲೇ ಇರಲೋ, ಒಂದು ಕಿಲೋಮೀಟರ್ ಆಚೆ ಹೊಸ ಅಪಾರ್ಟ್‌ಮೆಂಟಿನ ಗೇಟಿಗೆ ಹೋಗಲೋ? ಹೆಚ್ಚು ಜನ ಹೇಳಿದಂತೆ ಆಗುತ್ತದೆ ಎಂದು ಸಾರಿಗೆ ಇಲಾಖೆ ಮಾತು ಕೊಟ್ಟಿತ್ತು. ನಮ್ಮ ಆಫೀಸು ಗುಡಿಸಿ ಒರೆಸುವ ಲಕ್ಕಮ್ಮ ಅದೇ ಊರಿನವರು. ಮಂಡಿ ನೋವಿನ ಜೀವ, ದಿನಾ ಆ ಸ್ಟಾಪಿನಲ್ಲೇ ಬಸ್ಸು ಹತ್ತುವವರು.

‘ಊರೋರ್ಗೆಲ್ಲ ಏಳಿವ್ನಿ ಅನೀಸಮ್ಮ. ಎಲ್ರೂ ಆಕವ್ರೆ, ಸ್ಟಾಪು ಇಲ್ಲೇ ಇರ್ಲಿ ಅಂತ’ ಎಂದು ಲಕ್ಕಮ್ಮ ಖುಷಿಯಾಗಿದ್ದರು.

ಶುಕ್ರವಾರ ಪುಟ ಮುಚ್ಚಿತು. ಸೋಮವಾರ ಲೆಕ್ಕ ಬಂತು. ಅಪಾರ್ಟ್‌ಮೆಂಟಿನವರು ನೂರ ಎಂಬತ್ತೆಂಟು, ಊರಿನವರು ಒಂಬತ್ತು.

‘ಒಂಬತ್ತಾ? ಲಕ್ಕಮ್ಮನ ವಠಾರದಲ್ಲೇ ಅದಕ್ಕಿಂತ ಜಾಸ್ತಿ ಜನ ಇದಾರೆ ಕಣೋ!’ ಅನೀಸಾ ಎದ್ದಳು, ಕೂತಳು, ಕಿಟಕಿಗೆ ಹೋಗಿ ಬಂದಳು. ಕೊನೆಗೆ ತಿರಸ್ಕೃತವಾದವುಗಳ ಪಟ್ಟಿ ತೆಗೆದಳು. ಇನ್ನೂರ ನಲವತ್ತಾರು ಅಭಿಪ್ರಾಯ, ಎಲ್ಲವೂ ಒಂದೇ ಫೋನ್ ನಂಬರಿನಿಂದ. ಒಂದು ನಂಬರಿಗೆ ಒಂದೇ ಅಭಿಪ್ರಾಯ ಎಂಬ ನಿಯಮ ಇಟ್ಟವಳು ಅವಳೇ. ಒಬ್ಬನೇ ಕೂತು ನೂರು ಸಲ ಒತ್ತಬಾರದು ಎಂದು. ಕಳ್ಳನಿಗೆ ಸುಳಿವು ಸಿಗದಿರಲಿ ಎಂದು, ತಿರಸ್ಕರಿಸಿದರೂ ಪ್ರತಿ ಸಲ ‘ಧನ್ಯವಾದ’ ತೋರಿಸುವಂತೆ ಮಾಡಿದವಳೂ ಅವಳೇ. ಇಲಾಖೆಯ ಸಾಹೇಬರು ಮೀಟಿಂಗಿನಲ್ಲಿ ಇದಕ್ಕೇ ಅವಳನ್ನು ಹೊಗಳಿದ್ದರು.

ಆ ನಂಬರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಎತ್ತಿದವನು ಊರಿನ ಸೈಬರ್ ಸೆಂಟರಿನ ಸುಬ್ರಮಣಿ.

‘ರೇಷನ್ ಕಾರ್ಡಿಂದ ಹಿಡ್ದು ಪೆನ್ಶನ್‌ವರ್ಗೂ ಇಡೀ ಊರಿಗೆ ನನ್ ನಂಬರೇ ಮೇಡಮ್. ವಯಸ್ಸಾದೋರ್ಗೆ ಓಟಿಪಿ ಯಾರು ಓದ್ತಾರೆ? ಮೂರ್ ದಿನ ಕೂತು ಒಬ್ಬೊಬ್ರನ್ನೇ ಕೇಳಿ ಹಾಕಿದೀನಿ. ಎಲ್ರಿಗೂ ಧನ್ಯವಾದ ಅಂತ ಬಂತಲ್ಲ?’

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅನೀಸಾಳ ಕಾಲು ಅಲ್ಲಾಡುವುದು ನಿಂತಿತು. ಮೂರು ವರ್ಷದಲ್ಲಿ ಅದೇ ಮೊದಲು. ನನಗೆ ಹೆದರಿಕೆಯಾಯಿತು.

‘ಶಿವರಾಮ್, ನಮ್ಮ ಅಮ್ಮೀ ರೇಷನ್ ಕಾರ್ಡಲ್ಲೂ ಅಂಗಡಿಯವನ ನಂಬರೇ ಇರೋದು. ನಂಗೆ ಗೊತ್ತಿತ್ತು ಕಣೋ. ಗೊತ್ತಿದ್ದೂ ಮಾಡ್ದೆ.’

ಆಮೇಲಿನ ಎರಡು ವಾರ ಅವಳು ನೆಟ್ಟಗೆ ಊಟ ಮಾಡಲಿಲ್ಲ. ಅರ್ಜಿ ಬರೆದಳು, ಸಾಹೇಬರ ಬಾಗಿಲು ಕಾದಳು. ನಾನೂ ಜೊತೆಗೆ ಹೋದೆ. ‘ನಿಮ್ಮ ನಿಯಮಾನೇ ಅಲ್ವೇನ್ರೀ? ಚೆನ್ನಾಗೇ ಇದೆ. ಸಹಿ ಆಗೋಯ್ತು, ಬಿಡಿ’ ಎಂದರು ಸಾಹೇಬರು. ಒಂದು ಸಲ ಆ ಊರಿಗೆ ಹೋಗಿ ನೋಡಿ ಎಂದರೆ ಗಡಿಯಾರ ನೋಡಿದರು. ಸ್ಟಾಪು ಹೋಯಿತು.

ಅದು ಹೋದ ದಿನ ಲಕ್ಕಮ್ಮ ಅರ್ಧ ಗಂಟೆ ತಡವಾಗಿ, ಮಂಡಿ ಹಿಡಿದುಕೊಂಡು ಬಂದರು. ಗೋಡೆಗೆ ಒರಗಿ ಕೇಳಿದರು: ‘ನಾವ್ ಏಳಿದ್ದು ಯಾರ್ಗೂ ಕೇಳಿಸ್ನೇ ಇಲ್ವಾ ಅನೀಸಮ್ಮ?’

ಏನಾದರೂ ಸುಳ್ಳು ಹೇಳಿಬಿಡು ಮಾರಾಯ್ತಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

‘ಎಲ್ಲಾ ಬಂದಿತ್ತು ಲಕ್ಕಮ್ಮ. ನಾನ್ ಮಾಡಿದ್ ಪುಟಾನೇ ನಿಮ್ಮನ್ನ ಕಳ್ರು ಅಂತ ತೆಗ್ದು ಹಾಕ್ತು.’

ಲಕ್ಕಮ್ಮ ಅವಳ ಮುಖ ನೋಡಿದರು. ಬಕೆಟ್ ಎತ್ತಲು ಬಗ್ಗಿದರು. ಅನೀಸಾ ಓಡಿಹೋಗಿ ಅದರ ಹಿಡಿಗೆ ಕೈ ಹಾಕಿದಳು.

‘ಬುಡಿ ಮೇಡಮ್’ ಎಂದರು ಲಕ್ಕಮ್ಮ. ಅಲ್ಲಿಯವರೆಗೆ ಅವರು ಅವಳನ್ನು ಒಂದು ದಿನವೂ ಮೇಡಮ್ ಎಂದು ಕರೆದಿರಲಿಲ್ಲ.