ಪರದೆಯ ಹಗ್ಗ ಯಾರ ಕೈಯಲ್ಲಿತ್ತು

ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಕೂಗಳತೆಯ ದೂರದಲ್ಲಿರುವ ತಗಡಿನ ನಾಟಕಗೃಹದೊಳಗೆ ಇನ್ನೂ ಬೆಳಕು ಹರಿದಿಲ್ಲ. ರಂಗದ ಎಡಮೂಲೆಯಲ್ಲಿ ಕಂದೀಲು ಇಟ್ಟುಕೊಂಡು ಬಾಬುಸಾಬರು ನೆಲದ ಮೇಲೆ ಕೂತಿದ್ದಾರೆ. ಮುಂದೆ ಹಗ್ಗದ ಸುರುಳಿ. ಅದನ್ನು ಗೇಣು ಗೇಣಾಗಿ ಬಲ ಅಂಗೈಯೊಳಗೆ ಜಾರಿಸುತ್ತ, ಕಣ್ಣು ಮುಚ್ಚಿಕೊಂಡು ಪರೀಕ್ಷಿಸುತ್ತಾರೆ. ಕಣ್ಣು ಮುಚ್ಚಿದರೆ ಕಾಣುವುದೇನು ಎಂದು ಕೇಳುತ್ತೇನೆ.

“ಕಣ್ಣಿಗೆ ಮ್ಯಾಲಿನ ನಾರಷ್ಟ ಕಾಣತಾವ್ರಿ. ಒಳಗ ಸವದದ್ದು ಅಂಗೈಗೆ ಗೊತ್ತಾಗತೈತಿ. ಹಗ್ಗ ನೋಡದ ಹಿಡೀಬಾರದ್ರಿ ಸಾಹೇಬ್ರ.”

ಇಪ್ಪತ್ತೇಳು ವರ್ಷದಿಂದ ಇವರ ಕೆಲಸ ಪರದೆ ಎಳೆಯುವುದು. ನಾಟಕ ನೋಡಿ ಬಂದವರು ನಟನ ಹೆಸರು ಹೇಳುತ್ತಾರೆ, ಪೇಟಿ ನುಡಿಸಿದವನ ಹೆಸರು ಹೇಳುತ್ತಾರೆ, ಬಾಗಿಲಲ್ಲಿ ಚುರಮರಿ ಮಾರುವವನ ಹೆಸರೂ ಹಲವರಿಗೆ ಗೊತ್ತು. ಪರದೆ ಮಾತ್ರ ತಾನೇ ಏಳುತ್ತದೆ, ತಾನೇ ಬೀಳುತ್ತದೆ ಎಂದು ಊರೆಲ್ಲ ನಂಬಿದೆ. ನಾನೂ ನಂಬಿದ್ದೆ. ಹದಿನಾಲ್ಕು ವರ್ಷ ಇದೇ ಪತ್ರಿಕೆಯಲ್ಲಿ ನಾಟಕಗಳ ವಿಮರ್ಶೆ ಬರೆದಿದ್ದೇನೆ. ಹಗ್ಗದ ತುದಿಯಲ್ಲಿ ಒಬ್ಬ ಮನುಷ್ಯನಿದ್ದಾನೆಂದು ಒಮ್ಮೆಯೂ ಬರೆದವನಲ್ಲ.

ಈಗ ಬರೆಯುತ್ತಿರುವುದೂ ನನ್ನ ದೊಡ್ಡತನದಿಂದಲ್ಲ. ಹೋದ ಗುರುವಾರ ಬಾಬುಸಾಬರೇ ಕಚೇರಿಯ ಬಾಗಿಲಿಗೆ ಬಂದು ಚಪ್ಪಲಿ ಬಿಟ್ಟು ನಿಂತು, “ನನ್ನ ಸುದ್ದಿ ಬರೀರಿ” ಅಂದರು. ಇಂಥ ಲೇಖನಕ್ಕೆ ಸಿಕ್ಕವರು ‘ನಮ್ಮದೇನು ಬರೀತೀರಿ ಬಿಡ್ರಿ’ ಎಂದು ನಾಚಿಕೊಳ್ಳುವುದು ರೂಢಿ. ಇವರು ನಾಚಲಿಲ್ಲ, ಇವರಿಗೆ ಅವಸರವಿತ್ತು. ಒಂದು ಕಾಲಕ್ಕೆ ಇಲ್ಲಿ ನಾಟಕ ಆಡಿಸುತ್ತಿದ್ದ ಏಕನಾಥ ಮಾಸ್ತರರು ಧಾರವಾಡದಲ್ಲಿ ಕ್ಷಯದಿಂದ ಮಲಗಿದ್ದಾರೆ. ಅವರ ಉಸಿರು ಇರುವಷ್ಟರಲ್ಲಿ ಒಂದು ಸುಳ್ಳು ಅಚ್ಚಿನಲ್ಲೇ ಅಳಿಯಬೇಕು ಎಂಬುದು ಬಾಬುಸಾಬರ ಹಟ.

ಅಮ್ಮಿನಬಾವಿಯವರು ಇವರು. ತಂದೆ ಬಾವಿಗಳ ಹೂಳು ಎತ್ತುತ್ತಿದ್ದರು. ಇವರಿಗೆ ಹನ್ನೊಂದು ವರ್ಷವಾಗಿದ್ದಾಗ ತಂದೆ ಇಳಿದ ಹಗ್ಗ ಹರಿಯಿತು. ಮೇಲಿನಿಂದ ನೋಡಿದರೆ ಹೊಸದರಂತೆಯೇ ಇತ್ತಂತೆ. ತಾಯಿ ಮತ್ತೆ ಆ ಊರಿನ ನೀರು ಕುಡಿಯಲಾರೆನೆಂದು ಮಗನನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದಳು. ಬಾಬುಸಾಬರು ಹಮಾಲಿ ಮಾಡಿದರು, ಹತ್ತಿ ಗಿರಣಿಯಲ್ಲಿ ಅಂಡಿಗೆ ಹೊತ್ತರು, ಕೊನೆಗೆ ನಾಟಕದ ಕಂಪನಿಯ ಹಗ್ಗ ಕೈಗೆ ಬಂತು. ಇನ್‌ಫ್ಲುಯೆಂಜಾ ವರ್ಷದಲ್ಲಿ ತಾಯಿ ಹೋದಳು, ಇಬ್ಬರು ಮಕ್ಕಳೂ ಹೋದರು. ಮಣ್ಣು ಮಾಡಿದ ಮರುದಿನ ಕೆಲಸಕ್ಕೆ ಬಂದೆನೆಂದು ಹೇಳುವಾಗ ಇವರು ದನಿ ಏರಿಸುವುದಿಲ್ಲ, ಇಳಿಸುವುದೂ ಇಲ್ಲ.

ಬೀದಿ, ಅರಮನೆ, ಅಡವಿ, ತೋಟದ ಚಿತ್ರ ಬರೆದ ನಾಲ್ಕು ಪರದೆ, ಇವುಗಳ ಮುಂದೆ ದೊಡ್ಡ ಪರದೆ: ಒಟ್ಟು ಐದು. ಒಂದು ಆಟಕ್ಕೆ ನಲವತ್ತರಿಂದ ಐವತ್ತು ಸಲ ಎಳೆತ. ದೊಡ್ಡ ಪರದೆಯ ಕೆಳಗಿನ ತೊಲೆ ಜೋಳದ ಚೀಲದಷ್ಟು ಭಾರ. ಒಮ್ಮೆ ಹಗ್ಗದ ಗಾಲಿ ಕಿತ್ತು ಅದು ಕಾಲಿನ ಮೇಲೆ ಬಿದ್ದು ಎರಡು ಬೆರಳು ಹೋದವು. ಬಲಗೈಯ ಎರಡು ಬೆರಳು ಈಗ ಪೂರ್ತಿ ಬಿಚ್ಚುವುದಿಲ್ಲ, ಹಗ್ಗ ಹಿಡಿದ ಹಾಗೆಯೇ ನಿಂತಿವೆ. ಊಟಕ್ಕೆ ಕೂತಾಗ ರೊಟ್ಟಿಯನ್ನು ಹೆಂಡತಿ ರೆಹಮತ್‌ಬಿ ಮುರಿದು ಕೊಡುತ್ತಾರೆ.

ಪರದೆ ಎಳೆಯುವವನಿಗೆ ಆಟ ಕಾಣುವುದಿಲ್ಲ. ಸೀಟಿ ಕೇಳಿದರೆ ಎತ್ತಬೇಕು, ಸೀಟಿ ಕೇಳಿದರೆ ಬಿಡಬೇಕು. ಈ ನಿಯಮಕ್ಕೆ ಒಂದೇ ಒಂದು ರಿಯಾಯಿತಿ ಉಂಟು. ಜನ ‘ವನ್ಸ್‌ಮೋರ್’ ಎಂದು ಕೂಗಿದರೆ ಸೀಟಿಗೆ ಕಾಯಬಾರದು. ಬಿದ್ದ ಪರದೆ ಆ ಕ್ಷಣಕ್ಕೆ ಏಳಬೇಕು, ಸತ್ತ ರಾಜ ಎದ್ದು ಕೂತು ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸಾಯಬೇಕು. ನಮ್ಮ ಕಡೆಯ ಕಂಪನಿಗಳಲ್ಲಿ ಇದು ನಡೆದು ಬಂದ ಪದ್ಧತಿ. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣುತ್ತಿರಲಿಲ್ಲ, ಏಕನಾಥ ಮಾಸ್ತರರೊಬ್ಬರನ್ನು ಬಿಟ್ಟು.

ಮಾಸ್ತರರು ಧಾರವಾಡದಲ್ಲಿ ಶಾಲೆಯ ನೌಕರಿ ಬಿಟ್ಟು ನಾಟಕ ಆಡಿಸಲು ಬಂದವರು. ಮೊದಲ ಎರಡು ನಾಟಕಗಳಲ್ಲಿ ಹಾಡು ಕಡಿಮೆ ಮಾಡಿದರು. ‘ಹಾಡಿಲ್ಲದ ನಾಟಕ, ಉಪ್ಪಿಲ್ಲದ ಊಟ’ ಎಂದು ಒಂದು ಪತ್ರಿಕೆ ಬರೆಯಿತು. ‘ಮಾಸ್ತರರು ಪ್ರೇಕ್ಷಕರನ್ನು ಇನ್ನೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಾರೆ’ ಎಂದು ಇನ್ನೊಂದು. ಅವರು ಎರಡನ್ನೂ ಕತ್ತರಿಸಿ ತಮ್ಮ ಟ್ರಂಕಿನ ಮುಚ್ಚಳಕ್ಕೆ ಅಂಟಿಸಿಕೊಂಡು ಮೂರನೆಯ ನಾಟಕಕ್ಕೆ ಕೈ ಹಾಕಿದರು. ಅದೇ ‘ಮರಳಿದ ಉಡಿ’. ತವರಿಗೆ ತಿರುಗಿ ಬಂದ ಬಾಲವಿಧವೆ ಸುಹಾಸಿನಿಯ ಕಥೆ. ಕೊನೆಗೆ ಅವಳು ಹಾಡದೆ, ಮಾತಾಡದೆ ಸಾಯುತ್ತಾಳೆ. ತಂದೆ ಅವಳ ಕೈ ಹಿಡಿದು ಕೂತಿರುತ್ತಾನೆ. ಪರದೆ ಬೀಳುತ್ತದೆ.

ಮಾಸ್ತರರು ತಾಲೀಮಿನಲ್ಲಿ ಬಾಬುಸಾಬರನ್ನು ಕರೆದು ಹೇಳಿದ್ದರು: “ಈ ಪರದೆ ಒಮ್ಮೆ ಬಿತ್ತಂದ್ರ ಬಿತ್ತು. ಮಂದಿ ಎಷ್ಟ ಒದರಲಿ, ಎತ್ತಬ್ಯಾಡ. ಸತ್ತವರು ಏಳಬಾರದು, ಬಾಬುಸಾಬ.”

೧೯೩೧ರ ಮಾಘ ಮಾಸ, ರವಿವಾರ ಮಧ್ಯಾಹ್ನದ ಮೊದಲ ಆಟ. ನಾನು ಎರಡನೆಯ ಸಾಲಿನಲ್ಲಿದ್ದೆ. ಸುಹಾಸಿನಿ ಸತ್ತಳು, ಪರದೆ ಬಿತ್ತು. ಒಂದು ನಿಮಿಷ ಆ ತಗಡಿನ ಮನೆಯಲ್ಲಿ ಮೂಗು ಏರಿಸುವ ಸಪ್ಪಳ ಬಿಟ್ಟರೆ ಬೇರೆ ಸಪ್ಪಳವಿಲ್ಲ. ಆಮೇಲೆ ಹಿಂದಿನಿಂದ ಯಾರೋ, ತಡೆಯಲಾರದೆ, ‘ವನ್ಸ್‌ಮೋರ್’ ಎಂದು ಕೂಗಿದರು. ಮೆಚ್ಚಿಕೆಗೆ ಆ ಜನಕ್ಕೆ ಗೊತ್ತಿದ್ದ ಮಾತು ಅದೊಂದೇ. ಇಡೀ ಮನೆ ಕೂಗಿತು. ಪರದೆ ಎದ್ದಿತು.

ವಿಧವೆಯ ಪಾತ್ರ ಮಾಡಿದ್ದ ಬಾಳಕೃಷ್ಣ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಣದ ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದ. ಬೆಳಗಿನಿಂದ ಜ್ವರವಿದ್ದ ಅವನಿಗೆ ಮಾಸ್ತರರು ಬಗ್ಗಿ ಬಸಿಯಲ್ಲಿ ಚಹಾ ಹಿಡಿದಿದ್ದರು. ಅಳುತ್ತಿದ್ದ ಮನೆ ನಕ್ಕಿತು. ನಗು ಬೀದಿಯವರೆಗೆ ಹೋಯಿತು.

“ಕೈ ತಾನ ಎದ್ದಿತ್ರಿ,” ಬಾಬುಸಾಬರು ಹಗ್ಗ ಬದಿಗಿಟ್ಟು ಹೇಳುತ್ತಾರೆ. “ಮಾಸ್ತರ ಹೇಳಿದ್ದು ತಲ್ಯಾಗ ಇತ್ತು, ಕೈಯಾಗ ಇರಲಿಲ್ಲ. ಇಪ್ಪತ್ತೊಂದು ವರ್ಷ ಆ ಕೂಗಿಗೆ ಎತ್ತಿದ ಕೈ. ನಗೂದು ಕೇಳಿದ ಮ್ಯಾಲ ನನಗ ತಿಳೀತು, ಏನ್ ಮಾಡೇನಿ ಅಂತ.”

ಮುಂದಿನ ವಾರ ನಾನು ವಿಮರ್ಶೆ ಬರೆದೆ. ಮೊದಲೆರಡು ಅಂಕಗಳನ್ನು ಹೊಗಳಿದ್ದೆ, ಅದು ಯಾರಿಗೂ ನೆನಪಿಲ್ಲ. ಕೊನೆಯ ಸಾಲು ಮಾತ್ರ ಊರಿನ ಬಾಯಿಗೆ ಬಿತ್ತು: ‘ಏಕನಾಥ ಮಾಸ್ತರರು ಸತ್ತವರನ್ನು ಚಹಾ ಕುಡಿಸಿ ಎಬ್ಬಿಸಬಲ್ಲ ಧನ್ವಂತರಿಗಳು.’ ಆ ಸಾಲು ಬರೆದ ದಿನ ನನಗೆ ಬಹಳ ಸಂತೋಷವಾಗಿತ್ತು, ಗೆಳೆಯರಿಗೆ ಓದಿ ತೋರಿಸಿದ್ದೆ. ಪರದೆ ಬಿದ್ದ ಆ ಒಂದು ನಿಮಿಷ ನಾನೂ ಅತ್ತಿದ್ದೆ. ಅದನ್ನು ಬರೆಯಲಿಲ್ಲ. ಅತ್ತದ್ದು ಅವಮಾನ, ನಕ್ಕದ್ದು ಜಾಣತನ ಎಂದು ತಿಳಿದಿದ್ದ ಕಾಲ ಅದು. ನಾಟಕ ನೋಡದ ಇನ್ನೆರಡು ಪತ್ರಿಕೆಯವರು ನನ್ನ ಸಾಲನ್ನೇ ಎತ್ತಿಕೊಂಡು ವಿಮರ್ಶೆ ಮಾಡಿದರು. ನಾಯಿಗೆ ಹುಚ್ಚು ಹಿಡಿದಿದೆ ಎಂದು ಒಬ್ಬ ಕೂಗಿದರೆ ಸಾಕು, ಕಲ್ಲು ಹುಡುಕುವವರಿಗೆ ಬರವಿಲ್ಲ.

ನಾಟಕಗೃಹದ ಮಾಲಕರು ಆಟದ ದಿನವೇ ಸಂಜೆ ಎಲ್ಲರನ್ನೂ ರಂಗದ ಮೇಲೆ ನಿಲ್ಲಿಸಿ, ಪರದೆ ಎತ್ತಿದವನು ಇನ್ನು ಈ ಊರಿನ ಯಾವ ಹಗ್ಗವನ್ನೂ ಮುಟ್ಟದ ಹಾಗೆ ಮಾಡುತ್ತೇನೆ ಎಂದರಂತೆ. ಮಾಸ್ತರರು ಮುಂದೆ ಬಂದು, “ನಾನ ಎತ್ತಂತ ಹೇಳಿದ್ದೆ,” ಅಂದರು.

“ನಾ ಹಿಂದ ನಿಂತಿದ್ದೆ,” ಎನ್ನುತ್ತಾರೆ ಬಾಬುಸಾಬರು. “ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ರೆಹಮತ್‌ಬಿ ಬಸುರಿದ್ಲು, ಅದ ನೆನಪಾತು. ಬಾಯಿ ಮುಚಗೊಂಡು ನಿಂತೆ.”

ಇಷ್ಟೇ ಆಗಿದ್ದರೆ ನಾಲ್ಕು ಗೋಡೆಯೊಳಗಿನ ಸುಳ್ಳಾಗಿ ಉಳಿಯುತ್ತಿತ್ತು. ಆದರೆ ಮಾಲಕರಿಗೆ ನಂಬಿಕೆ ಬರಲಿಲ್ಲ. ನಿಜವಾದರೆ ಪತ್ರಿಕೆಯಲ್ಲಿ ಹಾಕಿಸು ಎಂದರು. ಮಾಸ್ತರರು ನಮ್ಮ ಪತ್ರಿಕೆಗೆ ಎರಡು ಸಾಲು ಬರೆದು ಕಳಿಸಿದರು: ‘ಪರದೆಯನ್ನು ನನ್ನ ಆಜ್ಞೆಯಂತೆಯೇ ಎತ್ತಲಾಯಿತು. ತಪ್ಪು ನನ್ನದು.’ ನಾವು ಸಂತೋಷದಿಂದ ಅಚ್ಚು ಹಾಕಿದೆವು. ವನ್ಸ್‌ಮೋರ್ ಬೇಡವೆಂದು ಊರೆಲ್ಲ ಹೇಳಿಕೊಂಡು ಬಂದು, ಚಪ್ಪಾಳೆಯ ಆಸೆಗೆ ತನ್ನ ಮಾತನ್ನು ತಾನೇ ತಿಂದ ಮನುಷ್ಯ ಎಂದು ಜನ ತಿಳಿದರು. ನಗೆಗೀಡಾದವನಿಗೆ ಇನ್ನೊಂದು ಆಟ ಸಿಗಬಹುದು, ಢೋಂಗಿ ಎನಿಸಿಕೊಂಡವನಿಗೆ ಸಿಗುವುದಿಲ್ಲ. ಈ ಆರು ವರ್ಷದಲ್ಲಿ ಎರಡೂ ಊರುಗಳಲ್ಲಿ ಯಾವ ನಾಟಕಗೃಹವೂ ಏಕನಾಥ ಮಾಸ್ತರರಿಗೆ ಬಾಗಿಲು ತೆರೆದಿಲ್ಲ.

ಬಾಬುಸಾಬರಿಗೆ ಓದು ಬಾರದು. ಪತ್ರಿಕೆಯಲ್ಲಿ ಹೀಗೆ ಬಂದಿತ್ತೆಂಬುದು ಇವರಿಗೆ ತಿಳಿದದ್ದು ಹೋದ ತಿಂಗಳು, ಬಾಳಕೃಷ್ಣ ಊರಿಗೆ ಬಂದು ಹೇಳಿದಾಗ. ಅಂದಿನಿಂದ ಇವರಿಗೆ ಅನ್ನ ಸೇರುತ್ತಿಲ್ಲ. “ನಿದ್ದ್ಯಾಗ ಎರಡೂ ಕೈ ಎಳೀತಾವ್ರಿ,” ಎಂದು ರೆಹಮತ್‌ಬಿ ಹೇಳುತ್ತಾರೆ. “ಎತ್ತತಾರೋ, ಇಳಸತಾರೋ, ನನಗ ತಿಳೀವಲ್ದು. ಹೇಳಿ ಬಿಡ್ರಿ ಅಂದೆ ನಾನ. ಹಸಿವು ನಮಗ ಹೊಸಾದಲ್ಲ.”

ಶನಿವಾರ ನಾನು ಧಾರವಾಡಕ್ಕೆ ಹೋದೆ. ಮಾಸ್ತರರ ಕೋಣೆಯಲ್ಲಿ ಔಷಧದ ವಾಸನೆ. ಗೋಡೆಗೆ ಒರಗಿಸಿದ ಟ್ರಂಕಿನ ಮುಚ್ಚಳದಲ್ಲಿ ನನ್ನ ಸಾಲೂ ಇತ್ತು, ಉಳಿದೆರಡರ ಕೆಳಗೆ, ನೀಟಾಗಿ ಅಂಟಿಸಿದ್ದರು. ನಾನು ಬಂದ ಕಾರಣ ಕೇಳಿ ಅವರು ತಲೆ ಅಲ್ಲಾಡಿಸಿದರು.

“ಬರೀಬ್ಯಾಡ್ರಿ. ನಂದು ಮುಗದದ. ಅವಗ ಆ ಹಗ್ಗ ಬಿಟ್ರ ಬ್ಯಾರೆ ಏನದ? ಅವನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ.” ಕೆಮ್ಮು ನಿಂತ ಮೇಲೆ ಇನ್ನೊಂದು ಮಾತು ಕೇಳಿದರು: “ಅವತ್ತ ನೀವು ಎರಡನೇ ಸಾಲಿನಾಗಿದ್ರಿ. ಪರದೆ ಏಳೂಕಿಂತ ಮೊದಲ, ಮಂದಿ ಅತ್ತಿದ್ರೇನ್ರಿ? ನನಗ ಒಳಗ ಕಾಣಲಿಲ್ಲ.”

ಅತ್ತಿದ್ದರು, ನಾನೂ ಅತ್ತಿದ್ದೆ ಎಂದೆ. ಆರು ವರ್ಷ ತಡವಾಗಿ ಹೇಳಿದ ಆ ಮಾತೇ ನಾನು ಬರೆಯಬೇಕಾಗಿದ್ದ ವಿಮರ್ಶೆ. ಅವರು ಗೋಡೆಯ ಕಡೆ ತಿರುಗಿಕೊಂಡರು.

ಮಾಸ್ತರರ ಮಾತನ್ನು ಬಾಬುಸಾಬರಿಗೆ ಇಂದು ಬೆಳಿಗ್ಗೆ ತಿಳಿಸಿದ್ದೇನೆ. ಮಾಲಕರು ಅವರೇ ಇದ್ದಾರೆ, ಕೋಪವೂ ಅದೇ ಇದೆ. ಮೇಲಾಗಿ ವಾರದಲ್ಲಿ ನಾಲ್ಕು ದಿನ ಇಲ್ಲಿ ಈಗ ಬೋಲಪಟ, ಮಾತಾಡುವ ಸಿನಿಮಾ. ಅದರ ಬಿಳಿ ಬಟ್ಟೆಗೆ ಹಗ್ಗವೂ ಬೇಡ, ಎಳೆಯುವವನೂ ಬೇಡ. ಒಬ್ಬನನ್ನು ತೆಗೆಯಲು ಮಾಲಕರು ನೆಪ ಹುಡುಕುತ್ತಿದ್ದಾರೆ, ಈ ಲೇಖನವೇ ಆ ನೆಪವಾಗಬಹುದು. ಇಷ್ಟನ್ನೂ ಬಿಡಿಸಿ ಹೇಳಿದೆ. ಬಾಬುಸಾಬರು ಪೂರ್ತಿ ಕೇಳಿಸಿಕೊಂಡರು, ಆಮೇಲೆ ಪರೀಕ್ಷಿಸಿದ ಹಗ್ಗವನ್ನು ಸುರುಳಿ ಸುತ್ತಿ ಗೂಟಕ್ಕೆ ಹಾಕಿದರು.

ನನಗೆ ಬೇಡುವ ಹಕ್ಕಿಲ್ಲ, ಆದರೂ ಹೆಸರು ಬಿಟ್ಟು ಬರೆಯಲೇ ಎಂದು ಕೇಳಿದೆ. ‘ಪರದೆ ಎಳೆಯುವ ಒಬ್ಬ’ ಎಂದರೆ ಸಾಕಲ್ಲವೇ?

“ಹೆಸರಿಲ್ಲದ ಹೇಳಿದ್ರ ಅದೂ ಒಂದ ಸುಳ್ಳ ಆಕ್ಕೈತ್ರಿ. ಪೂರಾ ಬರೀರಿ. ಬಾಬುಸಾಬ, ಹುಸೇನಸಾಬನ ಮಗ, ಅಮ್ಮಿನಬಾವಿ. ಹಗ್ಗ ನನ್ನ ಕೈಯಾಗಿತ್ತು, ಮಾಸ್ತರ ಎತ್ತಬ್ಯಾಡ ಅಂದಿದ್ರು, ನಾ ಎತ್ತಿದೆ, ಅಂತ ಬರೀರಿ. ಮತ್ತ ಮುಂದಿನ ವಾರ ಹಾಕ್ತೀನಿ ಅನ್ನಬ್ಯಾಡ್ರಿ, ಈ ರವಿವಾರನ ಹಾಕ್ರಿ. ನನಗಂತೂ ಓದಾಕ ಬರೂದಿಲ್ಲ. ಮಾಸ್ತರ ಇನ್ನೂ ಓದತಾರ.”