ಬಾಯಾರಿಕೆಯ ಒಂದು ತಾಸು

ಗುರುಪಾದಪ್ಪ ಕಾಕಾ ಕೋಳಿಮರಿಗಳಿಗೂ ಸಾಲಾಗಿ ನಿಲ್ಲಲು ಹೇಳುತ್ತಿದ್ದರು. “ಏ, ಲೈನ್ ಹಚ್ರಿ! ಎಲ್ಲಾರಿಗೂ ದವಾ ಸಿಗತೈತಿ!” ಮಲ್ಕಾಜ್‌ಗಿರಿಯ ದವಾಖಾನೆಯೊಂದರಲ್ಲಿ ಕಂಪೌಂಡರ್ ಆಗಿ ತಲೆ ನರೆಸಿಕೊಂಡು, ನಿವೃತ್ತಿಯಾದ ಮೇಲೆ ನಮ್ಮ ಪಕ್ಕದ ಮನೆಗೆ ಬಂದವರು. ಗದರುವ ಕೆಲಸದಿಂದ ಮಾತ್ರ ನಿವೃತ್ತರಾಗಿರಲಿಲ್ಲ. ಹುಟ್ಟಿದಾಗಿನಿಂದ ತತ್ತಿ ಮುಟ್ಟಿದವರಲ್ಲ. ಆದರೂ ಕೋಳಿ ಡಾಕ್ಟರರ ಬೆನ್ನು ಬಿದ್ದು ಮರಿಗಳ ವಿಟಮಿನ್ನುಗಳನ್ನೆಲ್ಲ ಬಾಯಿಪಾಠ ಮಾಡಿದ್ದರು. ಬೆರಳು ಮುದುಡಿದರೆ ‘ಬಿ’, ಕಾಲು ಸೊಟ್ಟಗಾದರೆ ‘ಡಿ’, ಬಿಸಿಲಿಗೆ ಬಾಯಿ ತೆರೆದರೆ ‘ಸಿ’. ನನಗೆ ನೆಗಡಿಯಾದರೆ ಮಾತ್ರ, “ಹೋಗು, ಕಷಾಯ ಕುಡಿ” ಎನ್ನುತ್ತಿದ್ದರು.

ನನ್ನ ತಗಡಿನ ಶೆಡ್ಡಿಗೆ ಮೊದಲ ಸಲ ಐನೂರು ಬ್ರಾಯ್ಲರ್ ಮರಿ ಬಂದದ್ದು ಸುಡುವ ಏಪ್ರಿಲ್‌ನಲ್ಲಿ. ಅವು ಉಳಿಯದಿದ್ದರೆ ನಾನು ಮತ್ತೆ ಜೀಡಿಮೆಟ್ಲಾದ ಫ್ಯಾಕ್ಟರಿಗೆ ಪ್ಯಾಕಿಂಗ್ ಮಾಡಲು ಹೋಗಬೇಕಿತ್ತು. ಕಾಕಾ ಪದ್ಧತಿ ಹೇಳಿಕೊಟ್ಟರು: ನಸುಕಿನಲ್ಲಿ ನೀರಿನ ಡಬ್ಬಿ ಎತ್ತಿಟ್ಟು ಮರಿಗಳನ್ನು ಒಂದು ತಾಸು ಬಾಯಾರಲು ಬಿಡಬೇಕು, ಆಮೇಲೆ ವಿಟಮಿನ್ ಕಲಸಿದ ತಣ್ಣೀರಿಡಬೇಕು. ಬಿಸಿಲೇರುವ ಮುಂಚೆ ಕುಡಿದು ಮುಗಿಸದಿದ್ದರೆ ಔಷಧಿಯ ಕಸುವೇ ಹೋಗುತ್ತದಂತೆ.

ಆ ತಾಸಿನ ಚೀಂವ್ ಚೀಂವ್ ನನ್ನಿಂದ ಕೇಳಲಾಗಲಿಲ್ಲ. ಕಾಕಾ ಆಚೆ ಹೋದೊಡನೆ ಕದ್ದು ಬರೀ ನೀರಿಟ್ಟೆ. ದಾಹ ತೀರಿದ ಮರಿಗಳು ಔಷಧಿಯ ನೀರಿನತ್ತ ತಿರುಗಿಯೂ ನೋಡಲಿಲ್ಲ. ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ಮಧ್ಯಾಹ್ನ ಮರಿಗಳು ರೆಕ್ಕೆ ಅಗಲಿಸಿ, ಏದುಸಿರು ಬಿಡುತ್ತ ಬಿದ್ದವು. ನಲವತ್ತು ಸತ್ತೇಹೋದವು.

ಅಳುತ್ತ ಎಲ್ಲವನ್ನೂ ಒಪ್ಪಿಕೊಂಡೆ. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತರೆ, ಕಾಕಾ ಗೋಣಿಚೀಲ ತೋಯಿಸಿ ಶೆಡ್ಡಿನ ಜಾಲರಿಗೆ ಕಟ್ಟತೊಡಗಿದರು.

“ಕರುಣಾ ಬಂತೇನವ್ವಾ? ಬರಲಿ. ಆದ್ರ ಬಾಯಾರಿಕಿ ಅಂದ್ರ ನಮ್ಮ ನರ್ಸ್ ಇದ್ದಂಗ. ಆಕಿನ್ನ ನೀನ ಮನಿಗೆ ಕಳಿಸಿದ್ರ ದವಾ ಯಾರು ಕುಡಸಬೇಕು?”

ಮರುದಿನದಿಂದ ನಾನೂ ಕಲ್ಲುಮನಸ್ಸು ಮಾಡಿದೆ. ಉಳಿದ ಮರಿಗಳು ಬದುಕಿದವು, ನನ್ನ ಶೆಡ್ಡೂ ಉಳಿಯಿತು. ಮರಿಗಳ ಕೂಗಿಗೂ ಕರಗದ ಈ ಮನುಷ್ಯನ ಎದೆಯಲ್ಲಿ ಏನಿದೆಯೋ ಎಂದು ಮಾತ್ರ ದಿನವೂ ಅಂದುಕೊಳ್ಳುತ್ತಿದ್ದೆ.

ಕಾಕಾ ಈಗಿಲ್ಲ. ಕೊನೆಯ ಸಲ ಕಂಡದ್ದು ಅವರು ಬೀದರಿಗೆ, ಮಗಳ ಮನೆಗೆ ಹೊರಟ ದಿನ. ಆ ನಸುಕಿನಲ್ಲೂ ಶೆಡ್ಡಿಗೆ ಬಂದು ಡಬ್ಬಿ ಎತ್ತಿಸಿ, ಎಂದಿನಂತೆ ಆಚೆ ಹೋದರು. ಚಹಾ ಕೊಡಲು ಹಿಂದೆಯೇ ಹೋದೆ. ಬೋರ್‌ವೆಲ್ ಪಕ್ಕದ ಕಲ್ಲಿನ ಮೇಲೆ ಕುಳಿತು ಕಾಕಾ ಎರಡೂ ಕಿವಿ ಮುಚ್ಚಿಕೊಂಡಿದ್ದರು.

“ದಿನಾ ಇಲ್ಲೇ ಕುಂದರ್ತಿದ್ರೇನ್ರಿ, ಕಾಕಾ?”

ಅವರು ಕೈ ಇಳಿಸಿ ಚಹಾ ತೆಗೆದುಕೊಂಡರು.

“ಮತ್ತೇನ್ ಮಾಡ್ಲವ್ವಾ? ಅಲ್ಲೇ ನಿಂತಿದ್ರ, ನಿನಗಿಂತ ಮೊದಲ ನಾನ ನೀರಿಡ್ತಿದ್ದೆ.”