ಅಕ್ಕೂರಿನ ಹೊಲದಲ್ಲಿ ಕೃತ್ತಿಕೆಯ ಫೋಟೋ

ಆಗ ನಾನು ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಹೆದ್ದಾರಿಯುದ್ದಕ್ಕೂ ಫ್ಯಾಕ್ಟರಿಗಳು ಎದ್ದಿದ್ದವು. ಅವುಗಳ ದೀಪಗಳಿಂದಾಗಿ ನಮ್ಮ ತಾರಸಿಯಿಂದ ಕೃತ್ತಿಕೆಯ ಗೊಂಚಲು ಕೂಡ ಸರಿಯಾಗಿ ಕಾಣುತ್ತಿರಲಿಲ್ಲ. ನಕ್ಷತ್ರಗಳ ಫೋಟೋ ತೆಗೆಯುವ ಹುಚ್ಚು ಹತ್ತಿದ್ದ ನಾನು ಕತ್ತಲೆ ಹುಡುಕಿಕೊಂಡು ಅಕ್ಕೂರಿನ ಕಡೆ ಹೋಗುತ್ತಿದ್ದೆ.

ಚಳಿಗಾಲದ ಒಂದು ಸಂಜೆ, ರಾಗಿ ಕೊಯ್ದ ಹೊಲದಲ್ಲಿ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಕೀಲು ಹಾಕಿದ ಎರಡು ಹಲಗೆಗಳ ಮೇಲೆ ಕ್ಯಾಮೆರಾ ಕೂರಿಸಿದ್ದೆ. ನಕ್ಷತ್ರ ಸರಿದಂತೆ ಕ್ಯಾಮೆರಾವೂ ಸರಿಯಬೇಕು. ಅದಕ್ಕೆ ಹಲಗೆಯ ಸ್ಕ್ರೂ ತಿರುಗಿಸುತ್ತಿದ್ದೆ. ಹಿಪ್ಪುನೇರಳೆ ತೋಟದ ಕಡೆಯಿಂದ ಟಾರ್ಚಿನ ಬೆಳಕು ಮುಖಕ್ಕೆ ಬಿತ್ತು. ಹೊಲದ ಯಜಮಾನರು, ಅವರ ಹಿಂದೆ ಅವರ ತಮ್ಮ.

"ಯಾವ ಕಂಪ್ನಿಯೋರು ನೀವು? ಫ್ಯಾಕ್ಟ್ರಿಗೆ ಜಮೀನು ಅಳ್ತೆಗೆ ಬಂದಿದ್ದೀರಾ?" ಎಂದರು ಯಜಮಾನರು.

ಮೇಷ್ಟ್ರು ಎಂದೆ, ನಕ್ಷತ್ರದ ಫೋಟೋ ಎಂದೆ. ಹಾಗಾದರೆ ಈಗಲೇ ತೋರಿಸಿ ಎಂದರು. ರೀಲು ತೊಳೆಸಿದ ಮೇಲೇ ಕಾಣುವುದು ಎಂದರೆ ಅನುಮಾನ ಇನ್ನೂ ಹೆಚ್ಚಾಯಿತು. ಕೊನೆಗೆ ರೀಲು ಸುತ್ತಿ ಅವರ ಕೈಗೇ ಕೊಟ್ಟೆ. ತಾವೇ ತೊಳೆಸುವುದಾಗಿ ಹೇಳಿ ಹೋದರು.

ಆ ವಾರವೇ ಯಜಮಾನರು ಸ್ಕೂಲಿಗೆ ಬಂದು ಒಂದೇ ಒಂದು ಫೋಟೋ ನನ್ನ ಮುಂದಿಟ್ಟರು. ಹೆದ್ದಾರಿಯ ಹೊಸ ಫ್ಯಾಕ್ಟರಿ, ದೀಪಗಳ ಸಮೇತ. ಬೆಳಕಿನಿಂದ ಆಕಾಶ ಹೇಗೆ ಮಂಕಾಗುತ್ತದೆಂದು ಮಕ್ಕಳಿಗೆ ತೋರಿಸಲು ರೀಲಿನ ಮೊದಲಲ್ಲಿ ತೆಗೆದದ್ದು. ಉಳಿದದ್ದೆಲ್ಲ ಬರೀ ಕಪ್ಪು ಎಂದುಕೊಂಡು ಸ್ಟುಡಿಯೋದವನು ಪ್ರಿಂಟೇ ಹಾಕಿರಲಿಲ್ಲ.

"ನಕ್ಷತ್ರ ಎಲ್ಲೈತೆ ಮೇಷ್ಟ್ರೇ?" ಎಂದರು ಮೆಲ್ಲಗೆ. ಅವರನ್ನು ಕರೆದುಕೊಂಡೇ ಸ್ಟುಡಿಯೋಗೆ ಹೋಗಿ, ಕಪ್ಪು ಚಿತ್ರಗಳನ್ನೂ ಪ್ರಿಂಟ್ ಹಾಕಿಸಿದೆ. ಒಂದರಲ್ಲಿ ಕೃತ್ತಿಕೆ, ನೀಲಿ ಹರಳುಗಳ ಹಾಗೆ. ಇನ್ನೊಂದರಲ್ಲಿ ಸಾಲಾಗಿ ಮೂರು ನಕ್ಷತ್ರ, ಅವುಗಳ ಕೆಳಗೆ ಗುಲಾಬಿ ಬಣ್ಣದ ಮಸುಕು. ಅದು ನೀಹಾರಿಕೆ, ಹೊಸ ನಕ್ಷತ್ರಗಳು ಹುಟ್ಟುವ ಅನಿಲದ ಮೋಡ ಎಂದು ವಿವರಿಸಿದೆ. ಅವರು ಫೋಟೋವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಹೊಲಕ್ಕೆ ಬನ್ನಿ, ಫೋಟೋ ತೆಕ್ಕೊಳ್ಳಿ. ಆದ್ರೆ ನಾನೂ ಒಸಿ ಕೂತಿರ್ತೀನಿ."

ಕೂತರು. ಪ್ರತಿ ಸಲವೂ ಬದುವಿನ ಮೇಲೆ ಗೋಣಿಚೀಲ ಹಾಸಿಕೊಂಡು, ಆಕಾಶ ಬಿಟ್ಟು ನನ್ನ ಕೈಗಳನ್ನೇ ನೋಡುತ್ತ ಕೂತರು. ಆ ನೋಟಕ್ಕೆ ಸ್ಕ್ರೂ ತಿರುಗಿಸುವ ಲೆಕ್ಕ ತಪ್ಪಿ ಎಷ್ಟೋ ಫೋಟೋಗಳಲ್ಲಿ ನಕ್ಷತ್ರಗಳು ಗೀರುಗಳಾದವು.

ಬೇಸಿಗೆಯಲ್ಲಿ ನಿಜವಾಗಿಯೂ ಸರ್ವೆಯವರು ಬಂದರು. ಹಾಡಹಗಲು, ಜೀಪಿನಲ್ಲಿ, ರಸ್ತೆಯಾಚೆಯ ಹೊಲಗಳಿಗೆ. ಅಂದು ಸಂಜೆ ಯಜಮಾನರು ನಮ್ಮ ಮನೆ ಹುಡುಕಿಕೊಂಡು ಬಂದರು. ಹೆಂಡತಿ ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ.

"ಅವ್ರು ನಿಮಗೆ ಗೊತ್ತಿರೋರಾ? ದಿಟ ಹೇಳಿ."

ಇಲ್ಲ ಎಂದೆ. ತಲೆಯಾಡಿಸಿದರು. ನಂಬಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಎದ್ದು ಹೊರಡುವಾಗ, ಮುಂದಿನ ಚಳಿಗಾಲಕ್ಕೆ ಬರುವುದಾದರೆ ಮೊದಲೇ ಹೇಳಿಕಳಿಸಿ ಎಂದು ಮಾತ್ರ ಹೇಳಿದರು.